ಹುಡುಗಿಯರನ್ನು ಕೆಡಿಸಿದ್ದು ಟೀವಿಯಲ್ಲ

ಕುಣಿಯಲಾರದವಳು ನೆಲ ಡೊಂಕು ಅಂದಳಂತೆ. ಮಕ್ಕಳ ಓದಿನ ವಿಷಯ ಬಂದಾಗ ನಮ್ಮ ಮನೆಗಳಲ್ಲಿ ಈ ನೆಲ ಕಾಲಕಾಲಕ್ಕೆ ಬದಲಾಗುತ್ತ ಬಂದಿದೆ. ನಾನು ಗಜೇಂದ್ರಗಡದಲ್ಲಿ ಸಾಲಿಗೆ ಹೋಗುವಾಗ ಅದು ರೇಡಿಯೋ ಆಗಿತ್ತು. ನರಗುಂದದಲ್ಲಿ ಹೈಸ್ಕೂಲಿಗೆ ಬರುವಷ್ಟರಲ್ಲಿ ಟೀವಿಯಾಯಿತು. ರೋಣದಿಂದ ದಿನಾ ಗದಗಿಗೆ ಬಸ್ಸು ಹಿಡಿದು ಡಿಗ್ರಿ ಓದುವಾಗಲೂ ಟೀವಿಯೇ. ಈಗ ಮೊಬೈಲು. ಕೆಡಿಸುವ ವಸ್ತು ಬದಲಾಗಿದೆ, ಕೆಡುವವರು ಮಾತ್ರ ಬದಲಾಗಿಲ್ಲ. ಕೆಡುವವರು ಯಾವಾಗಲೂ ಹುಡುಗಿಯರೇ.

ಹೋದ ದೀಪಾವಳಿಗೆ ನರಗುಂದದಲ್ಲಿರುವ ಅಣ್ಣನ ಮನೆಗೆ ಹೋಗಿದ್ದೆ. ಅವನ ಮಗಳು ಬಿ.ಎ. ಓದುತ್ತಾಳೆ. ಎರಡು ವಿಷಯ ಉಳಿದಿವೆ. ಮನೆಯಲ್ಲಿ ಸಾವಾದಂತೆ ಎಲ್ಲರ ಮುಖ ಇಳಿದಿತ್ತು. ಚಹಾ ಕುಡಿಯುತ್ತ ಅಣ್ಣ ಹೇಳಿದ, "ಆ ಮೊಬೈಲ ಈಕಿನ್ನ ಹಾಳ ಮಾಡೇತಿ ನೋಡವಾ ತಂಗಿ. ಕಸಗೊಂಡು ಟ್ರಂಕಿನ್ಯಾಗ ಇಟ್ಟೇನಿ. ಇನ್ನ ಕಾಲೇಜು ಸಾಕು. ಹುಬ್ಬಳ್ಳಿ ಕಡೆ ಒಂದು ವರ ಬಂದೈತಿ, ತೋರಿಸಿಬಿಡೂಣಂತ." ವೈನಿ ಮಾತಾಡಲಿಲ್ಲ. ಹುಡುಗಿ ಒಳಗೆ ರೊಟ್ಟಿ ಬಡಿಯುತ್ತಿದ್ದಳು. ಆ ಸಪ್ಪಳ ಮಾತ್ರ ಕೇಳುತ್ತಿತ್ತು.

ನನಗೆ ಆ ಮಾತು ಹೊಸದಾಗಿರಲಿಲ್ಲ. ಮೂವತ್ತೈದು ವರ್ಷದ ಹಿಂದೆ ನಮ್ಮ ಅಪ್ಪ ನನ್ನ ಬಗ್ಗೆ ಇದನ್ನೇ ಹೇಳಿದ್ದರು. ಆಗ ಮೊಬೈಲಿನ ಜಾಗದಲ್ಲಿ ಟೀವಿ ಇತ್ತು. ಆಗ ನಾನು ಸುಮ್ಮನಿದ್ದೆ. ಈಗ ಸುಮ್ಮನಿರುವುದು ಸರಿಯಲ್ಲವೆಂದು ಈ ನಾಲ್ಕು ಮಾತು ಬರೆಯುತ್ತಿದ್ದೇನೆ.

ಮೊದಲು ಟೀವಿಯ ಲೆಕ್ಕ ಹೇಳುತ್ತೇನೆ. ನಾನು ಬಿ.ಎ. ಓದಿದ್ದು 1988ರಿಂದ 1991ರವರೆಗೆ. 1988ರ ಅಕ್ಟೋಬರ್ 2ರಂದು ದೂರದರ್ಶನದಲ್ಲಿ ಮಹಾಭಾರತ ಶುರುವಾಯಿತು, 1990ರ ಜೂನ್ 24ಕ್ಕೆ ಮುಗಿಯಿತು. ರವಿವಾರ ಬೆಳಿಗ್ಗೆ ರೋಣದ ನಮ್ಮ ಓಣಿ ಬಣಗುಡುತ್ತಿತ್ತು. ಟೀವಿ ಇದ್ದ ಮನೆಯ ಪಡಸಾಲೆಯಲ್ಲಿ ಕಾಲಿಡಲು ಜಾಗ ಇರುತ್ತಿರಲಿಲ್ಲ. ಮಾಳಿಗೆಯ ಮೇಲೆ ಒಬ್ಬ ಹುಡುಗ ಆಂಟೆನಾ ತಿರುಗಿಸುತ್ತ "ಬಂತೇನೂ?" ಎಂದು ಕೂಗುವುದು, ಕೆಳಗಿನಿಂದ "ಇನ್ನಷ್ಟು ಎಡಕ್ಕ!" ಎಂದು ಉತ್ತರ ಹೋಗುವುದು ಇವೆಲ್ಲ ನನ್ನ ವಯಸ್ಸಿನವರಿಗೆ ನೆನಪಿದ್ದೀತು.

ಮೊದಲ ವರ್ಷ ನನ್ನ ಅಂಕ ಕಡಿಮೆ ಬಂದವು. "ಟೀವಿ ಮುಂದ ಕುಂತರ ಇನ್ನೇನಾಗತೈತಿ?" ಎಂದು ಅಪ್ಪ ಅಂದರು. ನನಗೆ ಸಿಟ್ಟು ಬಂತು. ಎದುರು ಮಾತಾಡುವ ಧೈರ್ಯವಿರಲಿಲ್ಲ. ನೋಟಬುಕ್ಕಿನ ಹಿಂದಿನ ಹಾಳೆಯಲ್ಲಿ ಒಂದು ವಾರ ಲೆಕ್ಕ ಬರೆದೆ. ಮಹಾಭಾರತ ಒಂದು ತಾಸು. ಚಿತ್ರಹಾರ ಅರ್ಧ ತಾಸು. ಕನ್ನಡ ಸಿನೆಮಾ ಹಾಡು ಅರ್ಧ ತಾಸು. ರವಿವಾರ ಸಂಜೆಯ ಸಿನೆಮಾ, ಅದೂ ಅರ್ಧಕ್ಕೇ ಅವ್ವನ ಕರೆ ಬರುತ್ತಿದ್ದುದರಿಂದ, ಒಂದೂವರೆ ತಾಸು. ಒಟ್ಟು ಮೂರೂವರೆ ತಾಸು. ಅದೇ ವಾರ ಕಸ ಹೊಡೆಯುವುದು, ನೀರು ತರುವುದು, ರೊಟ್ಟಿ, ಮುಸುರೆ ಇವಕ್ಕೆ ದಿನಕ್ಕೆ ನಾಲ್ಕು ತಾಸು. ರವಿವಾರ ಮನೆಮಂದಿಯ ಅರಿವೆ ಒಗೆಯಲು ಮತ್ತೆ ಮೂರು ತಾಸು. ಒಟ್ಟು 31 ತಾಸು. ಬಸ್ಸಿನಲ್ಲಿ ಹೋಗಿಬರುವ ಹೊತ್ತು ಬೇರೆ.

ಮೂರೂವರೆ ತಾಸು ನನ್ನ ಓದನ್ನು ತಿಂದಿತು ಅಂದವರು ಆ ಮೂವತ್ತೊಂದು ತಾಸನ್ನು ಕಾಣಲಿಲ್ಲ. ಕಾಣಲಿಲ್ಲ ಅನ್ನುವುದಕ್ಕಿಂತ ಅದು ಹೊತ್ತು ಎಂದೇ ಅವರಿಗೆ ಅನಿಸಲಿಲ್ಲ. ಹುಡುಗಿ ಟೀವಿ ಮುಂದೆ ಕೂತರೆ ವೇಳೆ ಹಾಳು. ಒಲೆ ಮುಂದೆ ಕೂತರೆ ವೇಳೆ ಎಲ್ಲಿಂದ ಬಂತು, ಎಲ್ಲಿಗೆ ಹೋಯಿತು ಎಂದು ಕೇಳುವವರಿಲ್ಲ.

ಇದೇ ಅಣ್ಣ, ಈಗ ಮಗಳ ಮೊಬೈಲು ಟ್ರಂಕಿನಲ್ಲಿಟ್ಟವನು, 1987ರ ವಿಶ್ವಕಪ್ಪು ಕ್ರಿಕೆಟ್ಟನ್ನು ಇದೇ ನರಗುಂದದಲ್ಲಿ ಊಟ ಬಿಟ್ಟು ನೋಡಿದವ. ಬೆಳಿಗ್ಗೆಯಿಂದ ಸಂಜೆತನಕ ಒಂದೇ ಪಂದ್ಯ. ಅವನೂ ಆ ವರ್ಷ ಒಂದು ವಿಷಯದಲ್ಲಿ ಬಿದ್ದ. "ಪೇಪರ ಬಿರಸ ಇತ್ತಂತ" ಎಂದು ಅಪ್ಪ ಸಮಾಧಾನ ಹೇಳಿದರು. ಅವನಿಗೆ ಯಾರೂ ಕನ್ಯಾ ನೋಡಲಿಲ್ಲ. ಮುಂದಿನ ಪರೀಕ್ಷೆಯ ಫೀ ಕಟ್ಟಿದರು.

ಟೀವಿಯನ್ನು ಕೆಟ್ಟದ್ದು ಅನ್ನುವವರು ಅದು ನಮ್ಮ ನಾಡಿಗೆ ಯಾಕೆ ಬಂತು ಎಂಬುದನ್ನೂ ಮರೆಯುತ್ತಾರೆ. 1975ರ ಆಗಸ್ಟಿನಿಂದ ಒಂದು ವರ್ಷ, ಉಪಗ್ರಹದ ಮೂಲಕ ಹಳ್ಳಿಗಳಿಗೆ ಟೀವಿ ತೋರಿಸುವ ಪ್ರಯೋಗವೊಂದು ನಡೆಯಿತು. ಆರು ರಾಜ್ಯಗಳ ಸುಮಾರು 2400 ಹಳ್ಳಿಗಳಲ್ಲಿ ಪೆಟ್ಟಿಗೆ ಇಟ್ಟರು. ಕರ್ನಾಟಕದಲ್ಲಿ ಆಗಿನ ವಿಜಾಪುರ, ಗುಲ್ಬರ್ಗಾ, ರಾಯಚೂರು ಜಿಲ್ಲೆಗಳ ಹಳ್ಳಿಗಳು ಅದರಲ್ಲಿದ್ದವು. ಒಕ್ಕಲುತನ, ಆರೋಗ್ಯ, ಮಕ್ಕಳ ಶಿಕ್ಷಣ ಇವೇ ಅದರ ವಿಷಯ. ನಮ್ಮ ರೋಣ ತಾಲೂಕಿನ ಹೊಳೆ ದಾಟಿದರೆ ಆಗಿನ ವಿಜಾಪುರ ಜಿಲ್ಲೆ. ಅಂದರೆ ಟೀವಿ ನಮ್ಮ ಸೀಮೆಯ ಹತ್ತಿರ ಮೊದಲು ಬಂದದ್ದು ಮಾಸ್ತರನಾಗಿ.

ಮುಂದೆ 1984ರ ಆಗಸ್ಟ್ 15ರಿಂದ ವಿಶ್ವವಿದ್ಯಾಲಯ ಅನುದಾನ ಆಯೋಗ ಕಾಲೇಜು ವಿದ್ಯಾರ್ಥಿಗಳಿಗೆಂದೇ ದೂರದರ್ಶನದಲ್ಲಿ ಪಾಠದ ಕಾರ್ಯಕ್ರಮ ಶುರುಮಾಡಿತು. ದೊಡ್ಡ ಕಾಲೇಜು, ದೊಡ್ಡ ಗ್ರಂಥಾಲಯ ಇಲ್ಲದ ನಮ್ಮಂಥ ಊರಿನ ಮಕ್ಕಳಿಗಾಗಿಯೇ ಅದು. ಆದರೆ ಪಾಠ ಬರುತ್ತಿದ್ದದ್ದು ಇಂಗ್ಲಿಷಿನಲ್ಲಿ. ಕನ್ನಡ ಮಾಧ್ಯಮದಲ್ಲಿ ಓದಿದ ನಮಗೆ ಹತ್ತರಲ್ಲಿ ಮೂರು ಮಾತು ತಿಳಿದರೆ ಹೆಚ್ಚು. ರಜೆಯ ದಿನ ಒಂದೆರಡು ಸಲ ನೋಡಹೋದೆ. ಸೂಕ್ಷ್ಮದರ್ಶಕದಲ್ಲಿ ಜೀವಕೋಶ ಹೇಗೆ ಒಡೆದು ಎರಡಾಗುತ್ತದೆಂದು ಕಂಡದ್ದು ಇವತ್ತಿಗೂ ನೆನಪಿದೆ. ಮೂರನೆಯ ಸಲ ಆ ಮನೆಯವರು, "ಮಧ್ಯಾನ್ಹನೂ ಟೀವಿ ಬೇಕೇನವಾ ನಿನಗ?" ಎಂದರು. ಅಲ್ಲಿಗೆ ನನ್ನ ವಿಶ್ವವಿದ್ಯಾಲಯದ ಪಾಠ ಮುಗಿಯಿತು. ಟೀವಿ ನನ್ನನ್ನು ಕೆಡಿಸಲಿಲ್ಲ. ನನಗೆ ಕಲಿಸಲು ಬಂದ ಟೀವಿಯನ್ನು ನನ್ನ ಭಾಷೆ ಬಾರದವರು ಒಂದು ಕಡೆ, ಓಣಿಯ ಮಾತು ಇನ್ನೊಂದು ಕಡೆ ನಿಂತು ತಡೆದರು.

ಸಂಗೀತದ ಮಾತು ಇನ್ನೂ ಕಹಿ. ಗಜೇಂದ್ರಗಡದಲ್ಲಿ ನಮ್ಮ ಮನೆಯ ಆಚೆ ಈಚೆ ನೇಕಾರರಿದ್ದರು. ಗಂಡಸರು ಮಗ್ಗದಲ್ಲಿ ಕೂತರೆ ಹೆಂಗಸರು, ಹುಡುಗಿಯರು ಕಂಡಿಕೆ ಸುತ್ತುತ್ತಿದ್ದರು. ಮಗ್ಗದ ಸಪ್ಪಳದ ನಡುವೆ ಧಾರವಾಡ ಆಕಾಶವಾಣಿ ಹಾಡುತ್ತಿರುತ್ತಿತ್ತು. 1950ರಲ್ಲಿ ಶುರುವಾದ ಆ ನಿಲಯದ ಋಣ ನಮ್ಮ ಕಡೆಯ ಎಷ್ಟೋ ಹೆಣ್ಣುಮಕ್ಕಳ ಮೇಲಿದೆ. ಕಂಡಿಕೆ ಸುತ್ತುವವರೂ ದನಿಗೂಡಿಸುತ್ತಿದ್ದರು, ಯಾರೂ ಬೇಡ ಅನ್ನುತ್ತಿರಲಿಲ್ಲ. ಬೀಸುವಾಗ ಹಾಡುವುದು, ಕುಟ್ಟುವಾಗ ಹಾಡುವುದು, ಮದುವೆಯಲ್ಲಿ ಸೋಬಾನೆ ಹಾಡುವುದು ಇವಕ್ಕೆ ನಮ್ಮಲ್ಲಿ ಎಂದೂ ತಡೆಯಿಲ್ಲ. ಕೈ ದುಡಿಯುತ್ತಿರುವ ತನಕ ಹೆಣ್ಣಿನ ಬಾಯಿ ಹಾಡಬಹುದು. ಕೈ ಬಿಡುವು ಮಾಡಿಕೊಂಡು, ತಂಬೂರಿ ಮುಂದಿಟ್ಟುಕೊಂಡು, ಹಾಡಿಗಾಗಿಯೇ ಕೂತಳೋ, ಅದು ಸೊಕ್ಕು.

ರೋಣ ಭೀಮಸೇನ ಜೋಶಿಯವರು ಹುಟ್ಟಿದ ಊರು. 1922ರ ಫೆಬ್ರುವರಿ 4ರಂದು ಹುಟ್ಟಿದ ಅವರಿಗೆ 2008ರಲ್ಲಿ ಭಾರತರತ್ನ ಬಂತು. 2011ರ ಜನವರಿ 24ರಂದು ತೀರಿಕೊಂಡರು. ಅವರ ಮುಖವನ್ನು ನಾನು ಮೊದಲು ಕಂಡದ್ದು ಟೀವಿಯಲ್ಲೇ. 1988ರ ಆಗಸ್ಟ್ 15ರಿಂದ ದೂರದರ್ಶನದಲ್ಲಿ 'ಮಿಲೇ ಸುರ್ ಮೇರಾ ತುಮ್ಹಾರಾ' ಬರತೊಡಗಿತಲ್ಲ, ಅದರ ಆರಂಭದಲ್ಲಿ ಅವರ ದನಿ. "ನಮ್ಮೂರವರು!" ಎಂದು ಪಡಸಾಲೆಯ ಮಂದಿ ಚಪ್ಪಾಳೆ ತಟ್ಟಿದರು. ನನಗೂ ಕಣ್ಣಲ್ಲಿ ನೀರು ಬಂತು.

ನಮ್ಮ ಅಪ್ಪ ಅವರ ಬಾಲ್ಯದ ಕತೆಗಳನ್ನು ಬಹಳ ರಸವಾಗಿ ಹೇಳುತ್ತಿದ್ದರು. ಹುಡುಗ ಭೀಮಸೇನ ಬ್ಯಾಂಡು, ಭಜನೆ ಎಲ್ಲಿ ಕೇಳಿದರೆ ಅಲ್ಲಿ ಬೆನ್ನುಹತ್ತಿ ಹೋಗಿ, ದಣಿದು ಎಲ್ಲೋ ಮಲಗಿಬಿಡುತ್ತಿದ್ದ. ಹುಡುಕಿ ಹುಡುಕಿ ಸಾಕಾದ ತಂದೆ ಗುರುರಾಜ ಜೋಶಿಯವರು ಅವನ ಅಂಗಿಯ ಮೇಲೆ 'ಜೋಶಿ ಮಾಸ್ತರರ ಮಗ' ಎಂದು ಬರೆದರು. ಕಂಡವರು ಮನೆಗೆ ತಂದು ಬಿಡುತ್ತಿದ್ದರು. ಮುಂದೆ ಅಬ್ದುಲ್ ಕರೀಂ ಖಾನರ ತಟ್ಟೆ ಕೇಳಿ ಹುಚ್ಚು ಹಿಡಿದು, 1933ರಲ್ಲಿ, ಹನ್ನೊಂದು ವರ್ಷದ ಹುಡುಗ ಗುರುವನ್ನು ಹುಡುಕಿಕೊಂಡು ಮನೆ ಬಿಟ್ಟ. ಟಿಕೀಟಿಲ್ಲದೆ ರೈಲು ಹತ್ತಿದ. ಕೊನೆಗೆ ಗುರು ಸಿಕ್ಕಿದ್ದು ಮನೆಯ ಹತ್ತಿರವೇ, ಕುಂದಗೋಳದ ಸವಾಯಿ ಗಂಧರ್ವರು.

ಒಂದು ದಿನ ನಾನು ಕೇಳಿದೆ, "ಅಪ್ಪಾರ, ನಾನು ಹಂಗ ಮನಿ ಬಿಟ್ಟು ಹೋಗಿದ್ದರ?"

ಅಪ್ಪ ನಕ್ಕರು. "ಕಾಲ ಮುರದ ಕುಂದರಿಸತಿದ್ದೆ," ಅಂದರು.

ಅದು ತಮಾಷೆಯ ಮಾತು. ಆದರೆ ಸುಳ್ಳು ಮಾತಾಗಿರಲಿಲ್ಲ. ಭೀಮಸೇನರ ದೊಡ್ಡಸ್ತಿಕೆಗೆ ನಾನು ಕೈಮುಗಿಯುತ್ತೇನೆ, ಅವರ ಹುಚ್ಚು ಇಲ್ಲದಿದ್ದರೆ ನಮಗೆ ಆ ಸಂಗೀತವೇ ಇಲ್ಲ. ನನ್ನ ಜಗಳ ಅವರ ಜೊತೆಗಲ್ಲ, ಕತೆ ಹೇಳುವವರ ಜೊತೆಗೆ. ಹುಡುಗ ಮನೆ ಬಿಟ್ಟರೆ ಅದು ಸಾಧನೆಯ ಮೊದಲ ಅಧ್ಯಾಯ, ಹುಡುಗಿ ಸಂಗೀತದ ಕ್ಲಾಸು ಕೇಳಿದರೂ ಅದು ಮನೆಯ ಮರ್ಯಾದೆಯ ಪ್ರಶ್ನೆ. ಅವರ ಅಂಗಿಯ ಮೇಲೆ ತಂದೆಯ ಹೆಸರು ಬರೆದದ್ದು ಎಲ್ಲಿ ಹೋದರೂ ಮನೆಗೆ ಮುಟ್ಟಲಿ ಎಂದು. ನಮಗೆ ಯಾರೂ ಬರೆಯಬೇಕಾಗಿರಲಿಲ್ಲ, ಇಂಥವರ ಮಗಳೆಂದು ಊರಿಗೇ ಗೊತ್ತಿತ್ತು. ಅದು ಮನೆ ಮುಟ್ಟಿಸಲಿಕ್ಕಲ್ಲ, ಮನೆ ಬಿಡದಂತೆ ನೋಡಿಕೊಳ್ಳಲಿಕ್ಕೆ.

ಹೆಣ್ಣಿನಿಂದ ಆಗದು ಎಂದೇನಲ್ಲ. ಅದೇ ಸವಾಯಿ ಗಂಧರ್ವರ ಇನ್ನೊಬ್ಬ ಶಿಷ್ಯೆ ಗಂಗೂಬಾಯಿ ಹಾನಗಲ್ಲರು. 1913ರಲ್ಲಿ ಧಾರವಾಡದಲ್ಲಿ ಹುಟ್ಟಿದವರು. ಹುಬ್ಬಳ್ಳಿಯಿಂದ ಕುಂದಗೋಳಕ್ಕೆ ರೈಲಿನಲ್ಲಿ ಹೋಗಿ ಕಲಿತರು. ದಾರಿಯಲ್ಲಿ 'ಗಾನೇವಾಲಿ' ಎಂದು ಹಂಗಿಸುವವರ ನಡುವೆಯೇ ಹೋಗಿಬಂದರು. ಅವರ ತಾಯಿ ಅಂಬಾಬಾಯಿ ಕರ್ನಾಟಕ ಸಂಗೀತ ಹಾಡುತ್ತಿದ್ದವರು, ಮಗಳ ಹಿಂದೂಸ್ತಾನಿ ಕಲಿಕೆಗೆ ಅಡ್ಡಿಯಾಗಬಾರದೆಂದು ತಮ್ಮ ಹಾಡನ್ನೇ ಬಿಟ್ಟರು. ಒಬ್ಬ ಮಗಳು ಹಾಡಬೇಕಾದರೆ ಒಬ್ಬ ತಾಯಿ ಹಾಡು ಬಿಡಬೇಕಾಯಿತು. ಗಂಡಸರು ಹಾಡಿದರೆ ಪಂಡಿತರು, ಉಸ್ತಾದರು ಆಗುತ್ತಾರೆ, ಹೆಂಗಸರು ಎಷ್ಟು ದೊಡ್ಡವರಾದರೂ ಬಾಯಿಯಾಗಿಯೇ ಉಳಿಯುತ್ತಾರೆ ಎಂದು ಗಂಗೂಬಾಯಿಯವರೇ ನೊಂದು ಹೇಳಿದ್ದುಂಟು. ಶಾಲೆಯಲ್ಲಿ ಹೆಚ್ಚು ಓದದ ಅವರಿಗೆ ವಿಶ್ವವಿದ್ಯಾಲಯಗಳು ಗೌರವ ಡಾಕ್ಟರೇಟು ಕೊಟ್ಟವು. 2002ರಲ್ಲಿ ಪದ್ಮವಿಭೂಷಣ ಬಂತು. 2009ರ ಜುಲೈ 21ರಂದು ಅವರು ತೀರಿಕೊಂಡರು. ಮೈಸೂರಿನಲ್ಲಿ ಅವರ ಹೆಸರಿನ ಸಂಗೀತ ವಿಶ್ವವಿದ್ಯಾಲಯವೇ ಇದೆ. ಬೋರ್ಡಿನ ಮೇಲೆ ಹೆಣ್ಣಿನ ಹೆಸರು ಬರೆಯಲು ನಮಗೆ ಅಭಿಮಾನ. ನಮ್ಮ ಮನೆಯ ಹುಡುಗಿ ಸಂಜೆ ಒಂದು ತಾಸು ಹಾಡು ಕಲಿಯಲು ಹೋಗುತ್ತೇನೆ ಅಂದರೆ, "ರಾತ್ರಿ ರೊಟ್ಟಿ ಯಾರ ಮಾಡಬೇಕು?"

ನಾನೂ ರೋಣದಲ್ಲಿದ್ದಾಗ ಕೇಳಿದ್ದೆ. "ಹಾಡಿ ಯಾರನ್ನ ಉದ್ಧಾರ ಮಾಡತೀ? ಮೊದಲ ಓದು," ಅಂದರು. ಸರಿ ಎಂದು ಬಿಟ್ಟೆ. ಮುಂದೆ ಕನ್ಯಾ ನೋಡಲು ಬಂದವರು ಉಪ್ಪಿಟ್ಟು ತಿಂದು ಕೈತೊಳೆದು, "ಒಂದ ಹಾಡ ಅನ್ನವಾ," ಅಂದಾಗ ನಮ್ಮ ಮನೆಯವರೇ, "ಭಾಳ ಛಲೋ ಹಾಡತಾಳ್ರೀ," ಎಂದು ಹೇಳಿದರು. ಹಾಡಿದೆ. ಒಪ್ಪಿಗೆಯಾಯಿತು. ಮದುವೆಯಾದ ಮೇಲೆ ಒಂದು ದಿನ ಬಟ್ಟೆ ಒಣಹಾಕುತ್ತ ದನಿ ಏರಿಸಿ ಹಾಡಿದ್ದಕ್ಕೆ ಹಿರಿಯರೊಬ್ಬರು, "ಹೊರಗ ಗಂಡಸರು ಕುಂತಾರ," ಎಂದರು. ನನ್ನನ್ನು ಆರಿಸಲು ಬೇಕಾದ ಹಾಡು, ಆರಿಸಿದ ಮೇಲೆ ಬೇಡವಾಯಿತು. ಈ ಮಾತು ಓದುತ್ತ ಎಷ್ಟು ಜನ ಅಕ್ಕತಂಗಿಯರು ತಮ್ಮ ಮನೆಯನ್ನು ನೆನೆಯುತ್ತಾರೋ ನನಗೆ ಗೊತ್ತು.

ನನ್ನ ವಾದಕ್ಕೆ ಸಾಕ್ಷಿ ಏನು ಎಂದು ಕೇಳುವವರಿದ್ದಾರೆ. ಸಾಕ್ಷಿ ನಾನೇ. ಬಿ.ಎ.ಯಲ್ಲಿ ಸೆಕೆಂಡ್ ಕ್ಲಾಸು ಬಂದ ನಾನು ಸೋದರಮಾವನ ಹಟದಿಂದ 1991ರಲ್ಲಿ ಎಂ.ಎ.ಗೆಂದು ಧಾರವಾಡಕ್ಕೆ ಹೋದೆ. ಹಾಸ್ಟೆಲಿನಲ್ಲಿ ಟೀವಿ ಇತ್ತು. ದಿನಕ್ಕೊಂದು ತಾಸು, ರವಿವಾರ ಇನ್ನೂ ಹೆಚ್ಚು ನೋಡಿದೆ. ರೋಣದಲ್ಲಿ ನೋಡಿದ್ದಕ್ಕಿಂತ ಎರಡು ಪಟ್ಟಾದರೂ ಆದೀತು. ಸಂಗೀತವಂತೂ ಧಾರವಾಡದ ಗಾಳಿಯಲ್ಲೇ ಇತ್ತು. ಹುಡುಗನಿದ್ದಾಗಲೇ ನಾಟಕ ಕಂಪನಿ ಸೇರಿ, ಮುಂದೆ ಕರ್ನಾಟಕ ವಿಶ್ವವಿದ್ಯಾಲಯದ ಸಂಗೀತ ವಿಭಾಗದ ಮುಖ್ಯಸ್ಥರಾದ ಮಲ್ಲಿಕಾರ್ಜುನ ಮನ್ಸೂರರು ಇದ್ದ ಊರು ಅದು. 1992ರ ಸೆಪ್ಟೆಂಬರ್ 12ರಂದು ಅವರು ತೀರಿಕೊಂಡಾಗ ನಾನು ಅಲ್ಲೇ ಇದ್ದೆ. ಗೆಳತಿಯರೊಡನೆ ಕಚೇರಿಗಳಿಗೆ ಹೋದೆ, ರಾತ್ರಿ ರೇಡಿಯೋ ಕೇಳಿದೆ. ಎಂ.ಎ.ಯಲ್ಲಿ ನನಗೆ ಫಸ್ಟ್ ಕ್ಲಾಸು ಬಂತು.

ನಾನೇನು ಒಮ್ಮೆಲೇ ಜಾಣೆಯಾದೆನೇ? ಇಲ್ಲ. ಟೀವಿ ಹೆಚ್ಚಾಗಿತ್ತು, ಸಂಗೀತ ಹೆಚ್ಚಾಗಿತ್ತು. ಕಡಿಮೆಯಾಗಿದ್ದದ್ದು ಒಂದೇ. ಪುಸ್ತಕ ಹಿಡಿದಾಗ ಒಳಗಿನಿಂದ "ಏ ಹುಡುಗಿ, ಹಿಟ್ಟ ನಾದು ಬಾ" ಎಂದು ಯಾರೂ ಕರೆಯುತ್ತಿರಲಿಲ್ಲ. ಗ್ರಂಥಾಲಯದಲ್ಲಿ ಮೂರು ತಾಸು ಒಂದೇ ಸಮನೆ ಓದುವುದೆಂದರೆ ಏನೆಂದು ನನಗೆ ಗೊತ್ತಾದದ್ದು ಇಪ್ಪತ್ತೊಂದನೆಯ ವಯಸ್ಸಿನಲ್ಲಿ. ನನ್ನ ಅಣ್ಣನಿಗೆ ಅದು ಹುಟ್ಟಿನಿಂದಲೇ ಗೊತ್ತಿತ್ತು.

ಹಾಗೆಂದು ಟೀವಿಗೆ ನಾನು ಆರತಿ ಎತ್ತುತ್ತಿಲ್ಲ. 1994ರಲ್ಲಿ ಉದಯ ಟೀವಿ ಬಂದ ಮೇಲೆ ಕನ್ನಡದಲ್ಲಿ ವಾಹಿನಿಗಳು ಒಂದರ ಹಿಂದೊಂದು ಬಂದವು. ಸಂಜೆಯ ಧಾರಾವಾಹಿಗಳಲ್ಲಿ ರೇಷ್ಮೆ ಸೀರೆ ಉಟ್ಟೇ ಮಲಗುವ ಸೊಸೆ, ವಿಷ ಹಾಕುವ ಅತ್ತೆ ಇವರನ್ನು ನೋಡಿ ನನಗೂ ಬೇಸರ ಬಂದಿದೆ. ಹಾಡಿನ ಸ್ಪರ್ಧೆಯಲ್ಲಿ ಸೋತ ಮಗುವಿನ ಅಳುವ ಮುಖವನ್ನು ಹತ್ತು ಸಲ ತೋರಿಸುವುದು ಕ್ರೌರ್ಯವೇ. ಆದರೆ ಅದೇ ಟೀವಿಯಲ್ಲಿ ಎಸ್.ಪಿ. ಬಾಲಸುಬ್ರಹ್ಮಣ್ಯಂ ಅವರು 'ಎದೆ ತುಂಬಿ ಹಾಡುವೆನು' ಕಾರ್ಯಕ್ರಮದಲ್ಲಿ ಮಕ್ಕಳ ತಪ್ಪನ್ನು ನೋಯಿಸದೆ ತಿದ್ದುತ್ತಿದ್ದುದನ್ನೂ ನೋಡಿದ್ದೇವೆ. 2018-19ರಲ್ಲಿ ಹಾವೇರಿ ಜಿಲ್ಲೆಯ ಕುರಿ ಕಾಯುವ ಹುಡುಗ ಹನುಮಂತ ಟೀವಿಯಲ್ಲಿ ಹಾಡಿ ನಾಡಿನ ಮನೆಮಾತಾದ. ಬಯಲಿನಲ್ಲಿ ಗಂಟಲು ಬಿಚ್ಚಿ ಹಾಡಿ ಬೆಳೆದ ದನಿ ಅದು. ಅಡುಗೆಮನೆಯಲ್ಲಿ ಸಣ್ಣಗೆ ಗುನುಗಿ ಬೆಳೆದ ದನಿಗಳು ಎಷ್ಟು ಹೊರಗೆ ಬಂದಾವು? ಮೊಬೈಲು ಕೂಡ ಹೊತ್ತು ತಿನ್ನುತ್ತದೆ, ಒಪ್ಪಿದೆ. ಆದರೆ ಅದು ಗಂಡುಹುಡುಗರ ಹೊತ್ತನ್ನೂ ತಿನ್ನುತ್ತದಲ್ಲ? ರೋಗ ಇಬ್ಬರಿಗೂ ಬಂದಾಗ ಕಹಿ ಔಷಧ ಒಬ್ಬಳಿಗೇ ಏಕೆ? ಅವಳ ಮೊಬೈಲು ಕಸಿಯುವುದಷ್ಟೇ ಅಲ್ಲ, ಕಾಲೇಜೂ ಕಸಿಯುವುದು ಯಾವ ವೈದ್ಯ?

ನರಗುಂದ ಬಂಡಾಯದ ನೆಲ. 1858ರಲ್ಲಿ ಬ್ರಿಟಿಷರ ವಿರುದ್ಧ ಎದ್ದು ನೇಣಿಗೇರಿದ ಬಾಬಾಸಾಹೇಬರ ಊರು. 1980ರ ಜುಲೈ 21ರಂದು ನೀರಾವರಿ ಕರದ ವಿರುದ್ಧ ನಿಂತ ರೈತರು ಗುಂಡಿಗೆ ಬಲಿಯಾದ ಊರು. ನಾವು ಅಲ್ಲಿಗೆ ಹೋದಾಗ ಆ ನೋವು ಇನ್ನೂ ಹಸಿಯಾಗಿತ್ತು. ಕೊಡದ ನೀರಿಗೆ ಕರ ಯಾಕೆ ಕೊಡಬೇಕು ಎಂದು ಕೇಳಿದ ಊರು ಅದು. ಹಾಗಾದರೆ ಕೊಡದ ಹೊತ್ತಿಗೆ ಅಂಕ ಯಾಕೆ ಕೇಳುತ್ತೀರಿ ಎಂದು ಆ ಊರಿನ ಹುಡುಗಿ ಕೇಳಬಾರದೇ? ಕೇಳಿದರೆ, "ಎದುರ ಮಾತಾಡಬ್ಯಾಡ." ಬಂಡಾಯದ ಮೆರವಣಿಗೆ ಓಣಿಯಲ್ಲಿ ಹಾಯ್ದು ಹೋಗಬಹುದು, ಅಡುಗೆಮನೆಯ ಹೊಸ್ತಿಲು ದಾಟಬಾರದು.

ಆ ದೀಪಾವಳಿಗೆ ನಾನು ಅಣ್ಣನಿಗೆ ಇಷ್ಟೆಲ್ಲ ಹೇಳಲಿಲ್ಲ. ರಾತ್ರಿ ಹುಡುಗಿಯನ್ನು ಕೂಡಿಸಿಕೊಂಡು ಒಂದು ಹಾಳೆ ಕೊಟ್ಟೆ. "ಮೊಬೈಲು ಕೈಯಾಗಿದ್ದಾಗ ಒಂದ ವಾರ ಹೆಂಗ ಕಳೀತಿದ್ದಿ, ಖರೇ ಖರೇ ಬರಿ," ಅಂದೆ. "ಅತ್ತಿ, ಅಪ್ಪಗ ತೋರಸ್ತಿಯೇನು?" ಎಂದು ಹೆದರುತ್ತಲೇ ಬರೆದಳು. ಮೊಬೈಲು ವಾರಕ್ಕೆ 14 ತಾಸು, ಅದರಲ್ಲಿ ಕಾಲೇಜಿನವರು ಕಳಿಸಿದ ನೋಟ್ಸು ಓದಿದ್ದೂ ಸೇರಿ. ಮನೆಗೆಲಸ 26 ತಾಸು. ಮೂವತ್ತೈದು ವರ್ಷದಲ್ಲಿ ಗ್ಯಾಸು ಬಂತು, ಮಿಕ್ಸಿ ಬಂತು, ಮನೆಯೊಳಗೇ ನಳ ಬಂತು. ಇಷ್ಟೆಲ್ಲ ಬಂದೂ ನನ್ನ 31 ತಾಸಿನಲ್ಲಿ ಕಡಿಮೆಯಾದದ್ದು ಐದು ತಾಸು.

ಬೆಳಿಗ್ಗೆ ಆ ಹಾಳೆಯನ್ನೂ, ಹಳೆಯ ನನ್ನ ಲೆಕ್ಕವನ್ನೂ ಅಣ್ಣನ ಮುಂದೆ ಇಟ್ಟು, "ನಿನ್ನ ಕ್ರಿಕೆಟ್ಟಿನ ಲೆಕ್ಕಾನೂ ಬರದ ಕೊಡು, ಕೂಡಿಸಿ ನೋಡೂಣು," ಎಂದೆ. ಅವನು ಬಹಳ ಹೊತ್ತು ನೋಡಿದ. ಏನೂ ಅನ್ನಲಿಲ್ಲ. ಚಹಾದ ಕಪ್ಪನ್ನು ತಾನೇ ಎತ್ತಿಕೊಂಡು ಬಚ್ಚಲಿಗೆ ಹೋಗಿ ತೊಳೆದಿಟ್ಟ. ವೈನಿ ಬಾಗಿಲಲ್ಲಿ ನಿಂತು ನೋಡುತ್ತಿದ್ದರು. ವರ ನೋಡುವ ಮಾತು ಪರೀಕ್ಷೆ ಮುಗಿಯುವ ತನಕ ಮುಂದೆ ಹೋಗಿದೆ. ಮುಂದೇನೋ ನಾನು ಹೇಳಲಾರೆ. ಪರೀಕ್ಷೆಯ ಫೀ ಮಾತ್ರ ಕಟ್ಟಿದ್ದಾರೆ.

ಅಕ್ಕತಂಗಿಯರೇ, ನಿಮ್ಮ ಮನೆಯಲ್ಲಿ ಮಗಳ ಅಂಕ ಕಡಿಮೆ ಬಂದರೆ ಟೀವಿಯ ಬಟನ್ನು ಒತ್ತುವ ಮೊದಲು, ಮೊಬೈಲು ಕಸಿಯುವ ಮೊದಲು, ಒಂದು ವಾರ ಅವಳ ಲೆಕ್ಕ ಬರೆಸಿರಿ. ಪಕ್ಕದಲ್ಲಿ ಮಗನ ಲೆಕ್ಕವನ್ನೂ ಬರೆಸಿರಿ. ಅಂಕದ ಪಟ್ಟಿಗೆ ಸಹಿ ಹಾಕುವವರಿಂದಲೇ ಆ ಹಾಳೆಗೂ ಸಹಿ ಹಾಕಿಸಿರಿ. ಆಮೇಲೆ ಹೇಳಿರಿ, ಅವಳನ್ನು ಕೆಡಿಸಿದ್ದು ಯಾವುದೆಂದು.